ಸೂಜಿ ಬದಲಿಸಿದೆವು, ಸಿರಿಂಜ್ ಅದೇ ಇತ್ತು

ಈಗ ನರ್ಸಿಂಗ್ ಮುಗಿಸಿ ವಾರ್ಡಿಗೆ ಬರುವ ಹುಡುಗಿಯರು ಕವರ್ ಹರಿದು ಸಿರಿಂಜ್ ತೆಗೆದು, ಕೆಲಸ ಮುಗಿದ ಕೂಡಲೇ ಬಿಸಾಡುವುದನ್ನು ನೋಡಿದಾಗೆಲ್ಲ ನಾನು ಬಾಗಿಲಲ್ಲೇ ನಿಂತುಬಿಡುತ್ತೇನೆ. ಸಂಕಟಕ್ಕೋ ಹೊಟ್ಟೆಕಿಚ್ಚಿಗೋ ನನಗೇ ತಿಳಿಯದು. ಮೊನ್ನೆ ಬಿಪಿ ತೋರಿಸಲು ಹೋದಾಗ ಒಬ್ಬಳು ಕೇಳಿದಳು, "ಆಂಟೀ, ನಿಮ್ ಕಾಲ್ದಾಗೆ ಸಿರಿಂಜ್ ತೊಳ್ದು ತೊಳ್ದು ಹಾಕ್ತಿದ್ರಂತೆ, ಹೌದೇನ್ರಿ?" ಪಕ್ಕದವಳು ಕಿಸಕ್ಕನೆ ನಕ್ಕಳು. ಹೌದು ತಾಯಿ, ತೊಳೆಯುತ್ತಿದ್ದೆವು. ಆ ತೊಳೆದ ಕಥೆಯನ್ನೇ ಬರೆಯೋಣವೆಂದು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಡ. ಆ ಶಾಲು ಟ್ರಂಕಿನಲ್ಲಿದೆ, ನುಸಿ ತಿನ್ನುತ್ತಿದೆ.

ನಾನು ಮೊದಲು ಸೇರಿದ್ದು ಜಗಳೂರಿನಲ್ಲಿ, ಎಪ್ಪತ್ತರ ದಶಕದ ಶುರುವಿನಲ್ಲಿ. ಅಲ್ಲಿ ನೀರಿಗೆ ತತ್ವಾರ, ಹಾಸಿಗೆಗೆ ತತ್ವಾರ, ಸಿರಿಂಜಿಗೂ ತತ್ವಾರ. ಎಲ್ಲ ಗಾಜಿನವು. ಹೊರಗಿನ ಕೊಳವೆಯ ಮೇಲೊಂದು ನಂಬರು, ಒಳಗಿನ ಕಡ್ಡಿಯ ಮೇಲೆ ಅದೇ ನಂಬರು. ಜೋಡಿ ತಪ್ಪಿದರೆ ಔಷಧಿ ಹಿಂದಿನಿಂದ ಸೋರಿ ನಮ್ಮ ಮುಂಗೈಗೇ ಇಳಿಯುತ್ತಿತ್ತು. ಒಂದು ಒಡೆದರೆ ಜಿಲ್ಲೆಯಿಂದ ಇನ್ನೊಂದು ಬರುವಷ್ಟರಲ್ಲಿ ಒಡೆದವಳಿಗೆ ವರ್ಗವೇ ಆಗಿರುತ್ತಿತ್ತು. ನಮ್ಮ ಮೇಲೊಬ್ಬರು ದೊಡ್ಡ ಸಿಸ್ಟರ್ ಇದ್ದರು, ಮಂಗಳೂರು ಕಡೆಯವರು. ಮಧ್ಯಾಹ್ನ ಊಟವಾದ ಮೇಲೆ ಮೊಂಡಾದ ಸೂಜಿಗಳನ್ನೆಲ್ಲ ಮುಂದೆ ಹಾಕಿಕೊಂಡು ಸಾಣೆಕಲ್ಲಿನ ಮೇಲೆ ಉಜ್ಜುತ್ತಿದ್ದರು. ಆಮೇಲೆ ಹತ್ತಿಯ ಮೇಲೆ ಎಳೆದು ನೋಡುವುದು. ಎಳೆ ಸಿಕ್ಕಿಕೊಂಡರೆ ಮೊನೆಯಲ್ಲಿ ಮುಳ್ಳಿದೆ ಎಂದರ್ಥ, ಮತ್ತೆ ಉಜ್ಜಬೇಕು. ನನ್ನ ಸೂಜಿಯೊಂದು ಹತ್ತಿ ಎಳೆದದ್ದಕ್ಕೆ ಅವರು ಅದನ್ನು ನನ್ನ ತೋಳಿಗೇ ಚುಚ್ಚಿ ತೋರಿಸಿದ್ದುಂಟು. ಆ ಹೊತ್ತು ಶಪಿಸಿದೆ. ಆದರೆ ನನ್ನ ಕೈ ಹಗುರಾದದ್ದು ಅವರಿಂದಲೇ.

ಜಗಳೂರಿನ ಜನಕ್ಕೆ ಸೂಜಿ ಎಂದರೆ ಪ್ರಸಾದ. ಬಿಳಿಚೋಡು ಕಡೆಯ ಕುರಿಗಾಹಿ ಮುದುಕನೊಬ್ಬ ಜ್ವರವೆಂದು ಬಂದ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅವನು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನೇ ದುರುಗುಟ್ಟಿ ನೋಡಿದ.

"ಗುಳಿಗಿ ನುಂಗಾಕೆ ನಾನು ಅಷ್ಟು ದೂರದಿಂದ ನಡ್ಕಂಡು ಬರ್ಬೇಕಿತ್ತೇನವ್ವಾ? ಸೂಜಿ ಹಾಕು."

"ನಿನಗೆ ಸೂಜಿ ಬ್ಯಾಡಂತೆ ಅಜ್ಜಾ."

"ಯಾಕೆ ಬ್ಯಾಡ? ಸೌಕಾರ್ರಿಗೆ ಹಾಕ್ತೀರಿ, ನಮಗೆ ಬ್ಯಾಡೇನು?"

ಅವನು ಹೊಸ್ತಿಲ ಮೇಲೆ ಕೂತು ಏಳಲಿಲ್ಲ. ಕೊನೆಗೆ ಡಾಕ್ಟರು ಕಣ್ಣು ಮಿಟುಕಿಸಿ, "ಬಟ್ಟಿನೀರು ಹಾಕಿ ಕಳಿಸಮ್ಮ," ಎಂದರು. ಬರೀ ನೀರು ಚುಚ್ಚಿದೆ. ಮುದುಕ ಎದ್ದು ಭುಜ ತಿರುಗಿಸಿ, "ಈಗ ಜೀವ ಬಂತು ನೋಡು. ಇನ್ನೊಂದು ಕಡೀಗೂ ಒಂದು ಹಾಕಿಬಿಡು, ಇಲ್ಲಾಂದ್ರೆ ಒಂದೇ ಕಡೆ ವಾಲ್ತೀನಿ," ಎಂದ. ವಾರದ ನಂತರ ತನ್ನ ತಮ್ಮನನ್ನೂ ಕರೆತಂದ. ಅವನಿಗೆ ಕಾಯಿಲೆ ಏನೂ ಇರಲಿಲ್ಲ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಸೂಜಿ ಬಿದ್ದರೆ ಆರೋಗ್ಯ, ಸೂಜಿ ಹಾಕಬಲ್ಲವನೇ ದೇವರು ಎಂದು ಆ ಜನ ನಂಬಿದ್ದು ಹೀಗೆ, ನಮ್ಮ ಕಣ್ಣ ಮುಂದೆಯೇ. ಅದು ನಗುವ ವಿಷಯವಲ್ಲವೆಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಚನ್ನಗಿರಿಗೆ ವರ್ಗವಾಯಿತು. ಅಲ್ಲಿಯ ಮೆಡಿಕಲ್ ಆಫೀಸರು ಮಿಲಿಟರಿಯಲ್ಲಿದ್ದು ಬಂದವರು, ಮೀಸೆಯೂ ಮಾತೂ ಎರಡೂ ನೆಟ್ಟಗೆ. ಒಂದು ಬೇಸಿಗೆಯಲ್ಲಿ ಒಂದೇ ಬೀದಿಯಲ್ಲಿ ಮನೆಮನೆಗೂ ಕಾಮಾಲೆ ಬಂತು. ಜನ ಸೊಪ್ಪಿನ ಔಷಧಿ ಕುಡಿದರು, ತಲೆಗೆ ಬೇರು ಕಟ್ಟಿಸಿಕೊಂಡರು. ತುಂಬು ಬಸುರಿಯೊಬ್ಬಳು ನಮ್ಮ ವಾರ್ಡಿನಲ್ಲೇ ಕಣ್ಣೆಲ್ಲ ಅರಿಶಿನವಾಗಿ ಸತ್ತಳು. ಸಾಹೇಬರು ಸೈಕಲ್ ಹತ್ತಿ ಮನೆಮನೆಗೆ ಹೋಗಿ ವಿಚಾರಿಸಿದರು. ಮಲಗಿದವರೆಲ್ಲ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ತೆರೆದು ಕೂತಿದ್ದ ಒಬ್ಬ ಓದಿಲ್ಲದ ಡಾಕ್ಟರನ ಹತ್ತಿರ ಸುಸ್ತಿಗೆ ಸೂಜಿ ಹಾಕಿಸಿಕೊಂಡವರು. ಅವನು ಒಂದೇ ಸೂಜಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅದ್ದಿ ಎಲ್ಲರಿಗೂ ಚುಚ್ಚುತ್ತಿದ್ದ.

ಸಾಹೇಬರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. "ಇವತ್ತಿನಿಂದ ಒಬ್ಬರಿಗೆ ಹಾಕಿದ ಸೂಜಿ ಇನ್ನೊಬ್ಬರಿಗೆ ಹಾಕಿದ್ದು ಕಂಡರೆ ನಿಮ್ಮನ್ನ ನಾನು ಬಿಡಲ್ಲ. ಕುದಿಸಿದ ಸೂಜಿ ತಟ್ಟೆ ತುಂಬ ಇಟ್ಟುಕೊಳ್ಳಿ. ಪ್ರತಿ ತೋಳಿಗೂ ಹೊಸ ಸೂಜಿ." ಊರಿನ ಖಾಸಗಿ ಕಂಪೌಂಡರ್‌ಗಳನ್ನೂ ಕರೆಸಿ ಇದೇ ಪಾಠ ಹೇಳಿದರು. ನಮಗೂ ಹೆಮ್ಮೆ. ಸಿರಿಂಜಿಗೆ ಒಮ್ಮೆ ಔಷಧಿ ತುಂಬಿಕೊಂಡು, ಒಬ್ಬರಾದ ಮೇಲೆ ಒಬ್ಬರಿಗೆ ಸೂಜಿ ಮಾತ್ರ ಬದಲಿಸಿ ಸಾಲು ಸಾಲು ಮುಗಿಸುತ್ತಿದ್ದೆವು. ಇಷ್ಟು ಶುದ್ಧವಾಗಿ ಯಾವ ತಾಲ್ಲೂಕಿನಲ್ಲಿ ನಡೆಯುತ್ತದೆ ಎನ್ನುತ್ತಿದ್ದೆವು. ಚುಚ್ಚಿ ಎಳೆಯುವಾಗ ಸೂಜಿಯ ಹಿಂದೆ ಕೊಳವೆಗೂ ರಕ್ತದ ಹನಿ ಹತ್ತುತ್ತದೆ, ಮೈಗೆ ತಾಗದ ಗಾಜೂ ಕಾಯಿಲೆ ಹೊರುತ್ತದೆ ಎಂಬುದು ಆ ಸಾಹೇಬರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಅವರು ಒಳ್ಳೆಯವರು. ಒಳ್ಳೆಯವರು ಹೇಳಿದ ಅರ್ಧ ಸತ್ಯ ಸುತ್ತಲಿನ ಊರಿಗೆಲ್ಲ ಹಬ್ಬಿತು.

ಎಂಬತ್ತರ ದಶಕದ ನಡುವಿನಲ್ಲಿ ನಾನು ಹೊನ್ನಾಳಿಗೆ ಬಂದೆ. ಅಲ್ಲಿ ವೀರೇಶ ಸಿಕ್ಕಿದ. ಈ ಬರಹ ಅವನ ಬಗ್ಗೆ, ಅವನಿಗಿಂತ ಹೆಚ್ಚು ಅವನ ಕೈಹಿಡಿದವಳ ಬಗ್ಗೆ.

ವೀರೇಶ ನ್ಯಾಮತಿಯವನು, ಅಲ್ಲಿಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕಂಪೌಂಡರ್. ತಂದೆ ಇಲ್ಲ, ತಾಯಿ ರುದ್ರಮ್ಮನಿಗೆ ಒಬ್ಬನೇ ಮಗ. ಟ್ರ್ಯಾಕ್ಟರ್ ಬಡಿದು ತೊಡೆಯ ಮೂಳೆ ಮುರಿದು ನಮ್ಮ ವಾರ್ಡಿಗೆ ಬಂದ. ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸಿದ್ದೆವು. ನೋವಿಗೆ ಪೆಥಿಡಿನ್ ಎಂಬ ಇಂಜೆಕ್ಷನ್. ಅದು ಅಫೀಮಿನ ಬಳಗದ್ದು, ನೋವಿನ ಜೊತೆಗೆ ಲೋಕವನ್ನೇ ಮರೆಸುತ್ತದೆ. ಮೊದಮೊದಲು ಅವನು ಹಲ್ಲುಕಚ್ಚಿ ಸಹಿಸುತ್ತಿದ್ದ. ಆಮೇಲೆ ಮೂಳೆ ಕೂಡುತ್ತ ಬಂದಂತೆ ನೋವು ಹೆಚ್ಚಾಯಿತು! ನಾನು ಟ್ರೇ ಹಿಡಿದು ಬಾಗಿಲಲ್ಲಿ ಕಂಡರೆ ಅವನ ಮುಖ ಅರಳುತ್ತಿತ್ತು. ಬೇರೆ ಮಾತ್ರೆ ಕೊಟ್ಟರೆ ಅಳುತ್ತಿದ್ದ. ಅದು ಚಟದ ಅಳು ಎಂದು ಗುರುತಿಸಿ ನಿಲ್ಲಿಸುವ ಹೊತ್ತಿಗೆ ತಡವಾಗಿತ್ತು. ಕೋಲೂರಿಕೊಂಡು ಮನೆಗೆ ಹೋದವನು ಮತ್ತೆ ಅದೇ ಔಷಧಿ ಬೀರುವಿನಲ್ಲಿರುವ ಕ್ಲಿನಿಕ್ಕಿಗೇ ಕೆಲಸಕ್ಕೆ ಹೋದ. ಬೆಕ್ಕನ್ನು ಹಾಲಿಗೆ ಕಾವಲಿಟ್ಟಂತಾಯಿತು.

ಒಂದೆರಡು ವರ್ಷಕ್ಕೆ ಅವನು ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕತೊಡಗಿದ. ಒಮ್ಮೆ ಮೊಣಕೈ ಒಳಗೆ ನಿಂಬೆಹಣ್ಣಿನ ಗಾತ್ರದ ಕೀವುಗಡ್ಡೆಯೊಂದಿಗೆ ಬಂದ.

"ಇದೇನೋ?"

"ಮುಳ್ಳು ಚುಚ್ತು ಸಿಸ್ಟರ್."

"ಮುಳ್ಳಿಗೆ ನರ ಹುಡುಕಾಕೆ ಬರ್ತೈತೇನೋ?"

ಅವನು ತಲೆ ತಗ್ಗಿಸಿದ. ಕೀವು ತೆಗೆಯುವಾಗ ಎಲ್ಲ ಹೇಳಿಬಿಟ್ಟ. ಅವನೂ ಹನುಮಂತನೆಂಬ ಲಾರಿ ಡ್ರೈವರನೂ ರೈಸ್ ಮಿಲ್ಲಿನ ಹಿಂದೆ ಕೂತು ಚುಚ್ಚಿಕೊಳ್ಳುತ್ತಿದ್ದರು. ಹನುಮಂತ ಮುಂಬಯಿಗೆ ಲೋಡು ಹೊಡೆಯುವವನು. ಅಲ್ಲಿಯೂ ಅವನಿಗೆ ಇಂಥದೇ ಗೆಳೆಯರಿದ್ದರು.

"ಅವನ ಜೊತೆ ಒಂದೇ ಸೂಜೀಲಿ ಚುಚ್ಕಂತೀರೇನೋ?" ಎಂದೆ.

ವೀರೇಶನಿಗೆ ಅವಮಾನವಾಯಿತು. "ಎಲ್ಲಾದ್ರು ಉಂಟೇನ್ರಿ? ನಾನು ಆಸ್ಪತ್ರಿ ಕೆಲಸ ಕಲ್ತೋನು. ಅವಂದು ಸೂಜಿ ಅವಂಗೆ, ನಂದು ನಂಗೆ. ಸಿರಿಂಜ್ ಒಂದೇ ಐತೆ. ಅದನ್ನ ಬಿಸಿನೀರಾಗೆ ಆಡಿಸ್ತೀವಿ. ನರ ಸಿಕ್ತೋ ಇಲ್ಲೋ ಅಂತ ರಕ್ತ ಎಳ್ದು ನೋಡೇ ಹಾಕ್ತೀವಿ, ನಿಮ್ಮಂಗೇ."

ನಮ್ಮಂತೆಯೇ. ಅವತ್ತು ನಾನು ಬೈದದ್ದು ಚಟಕ್ಕೆ ಮಾತ್ರ.

ಹನುಮಂತ ಒಂದು ಸಲ ಮುಂಬಯಿಯಿಂದ ಬಂದವನು ಮತ್ತೆ ಲಾರಿ ಹತ್ತಲಿಲ್ಲ. ಬಾಯಿತುಂಬ ಬಿಳಿ ಹುಣ್ಣು, ನಿಲ್ಲದ ಭೇದಿ, ನಿಲ್ಲದ ಕೆಮ್ಮು. ಗಟ್ಟಿಮುಟ್ಟಾದ ಆಳು ಮೂಳೆಯ ಹಂದರವಾಗಿ ನಮ್ಮ ವಾರ್ಡಿನ ಮೂಲೆಯಲ್ಲಿ ಸತ್ತ. ಆಗ ಹೊನ್ನಾಳಿಯಲ್ಲಿ ಹೊಸದಾಗಿ ಓದಿ ಬಂದ ಚಿಕ್ಕ ಡಾಕ್ಟರೊಬ್ಬರಿದ್ದರು. ಪೇಪರಿನಲ್ಲಿ ಏಡ್ಸ್ ಎಂಬ ಹೆಸರು ಆಗಷ್ಟೇ ಕಾಣಿಸುತ್ತಿತ್ತು. ಅದು ಪರದೇಶದವರ ರೋಗ, ಮಾನಗೆಟ್ಟವರ ರೋಗ ಎಂದು ಎಲ್ಲರೂ ಪುಟ ಮಗುಚುತ್ತಿದ್ದರು. ಚಿಕ್ಕ ಡಾಕ್ಟರು ಮಾತ್ರ ಹನುಮಂತ ಸಾಯುವ ಮುಂಚೆಯೇ ಅವನ ರಕ್ತವನ್ನೂ, ವೀರೇಶನನ್ನು ಕರೆಸಿ ಅವನ ರಕ್ತವನ್ನೂ ಬೆಂಗಳೂರಿಗೆ ಕಳಿಸಿದ್ದರು. ಎರಡರಲ್ಲೂ ಆ ರೋಗಾಣು ಇದೆಯೆಂದು ಉತ್ತರ ಬಂತು.

ನಾನು ಡಾಕ್ಟರನ್ನು ಕೇಳಿದೆ, "ವೀರೇಶ ಓಡಾಡಿಕೊಂಡಿದ್ದಾನಲ್ಲ ಸರ್, ಜ್ವರವೂ ಇಲ್ಲ?"

ಅವರು ನಮ್ಮೂರಿನ ಭಾಷೆಯಲ್ಲೇ ತಿಳಿಸಿದರು. "ಹೊಲಕ್ಕೆ ಬೇಲಿ ಇರುತ್ತಲ್ಲ ಸಿಸ್ಟರ್, ಮೈಗೂ ಹಾಗೊಂದು ಬೇಲಿ ಇದೆ. ದಿನಾ ಚುಚ್ಚಿಕೊಳ್ಳೋನು ಮೊದಲು ತೊಗಲಿನ ಬೇಲೀಲಿ ತಾನೇ ಕಂಡಿ ಮಾಡ್ಕೋತಾನೆ. ಕೀವು, ಕಾಮಾಲೆ ಎಲ್ಲ ಅಲ್ಲಿಂದ ನುಗ್ತವೆ. ಅಫೀಮಿನ ಔಷಧಿ ಒಳಗಿನ ಕಾವಲುಗಾರನಿಗೂ ಜೋಂಪು ಹತ್ತಿಸುತ್ತೆ. ಊಟ ಬಿಟ್ಟಿರ್ತಾನೆ, ನಿದ್ದೆ ಕೆಟ್ಟಿರ್ತಾನೆ, ಬೇಲಿ ರಿಪೇರಿ ಆಗಲ್ಲ. ಈ ಹೊಸ ರೋಗಾಣು ಬೇರೆಯವರ ರಕ್ತದ ಜೊತೆ ಒಳಗೆ ಬಂದು ಬೆಳೆ ತಿನ್ನಲ್ಲ, ಬೇಲಿಯನ್ನೇ ಒಂದೊಂದಾಗಿ ಕಿತ್ತು ಹಾಕುತ್ತೆ. ಅದಕ್ಕೆ ವರ್ಷಗಳು ಬೇಕು. ಅಲ್ಲೀತನಕ ನೋಡೋರಿಗೆ ಏನೂ ಕಾಣಲ್ಲ. ಆಮೇಲೆ ದಾರೀಲಿ ಹೋಗೋ ದನ ಎಲ್ಲ ಒಳಗೆ. ಕ್ಷಯ, ಬಾಯಿಹುಣ್ಣು, ಭೇದಿ."

"ಔಷಧಿ?"

"ಇಲ್ಲ."

ಚಿಕ್ಕ ಡಾಕ್ಟರು ವೀರೇಶನನ್ನು ಕೂರಿಸಿಕೊಂಡು ಹೇಳಿದರು. ಹೆಣ್ಣಿನ ಸಂಗ ಮಾಡಬೇಡ, ರಕ್ತದಾನ ಮಾಡಬೇಡ, ನಿನ್ನ ಸೂಜಿಯನ್ನು ಇನ್ನೊಬ್ಬರಿಗೆ ಹಾಕಬೇಡ. ವೀರೇಶ ಪ್ರತಿಯೊಂದಕ್ಕೂ ಸರಿ ಸರ್, ಸರಿ ಸರ್ ಎಂದು ತಲೆಯಾಡಿಸಿದ. ಅವನು ಹೊರಗೆ ಹೋದ ಮೇಲೆ ಡಾಕ್ಟರು ನನ್ನ ಕಡೆ ತಿರುಗಿ, "ಇದು ಈ ಕೋಣೆ ದಾಟಬಾರದು. ಹೆಸರು ಹೊರಬಿದ್ದರೆ ಊರಿನವರು ಅವನ ಮನೆಗೆ ಬೆಂಕಿ ಇಡ್ತಾರೆ," ಎಂದರು.

ಅದೇ ತಿಂಗಳು ವೀರೇಶನ ಮದುವೆ ಗೊತ್ತಾಯಿತು. ಹುಡುಗಿ ಗೋವಿನಕೋವಿಯವಳು, ಹೆಸರು ಸರೋಜ.

ನನ್ನ ಜೀವನದಲ್ಲಿ ಯಾವ ವಿಷಯಕ್ಕೂ ಅಷ್ಟು ಒದ್ದಾಡಿದ್ದಿಲ್ಲ. ಕಣ್ಣಾರೆ ಕಂಡು ಒಂದು ಹುಡುಗಿಯನ್ನು ಬಾವಿಗೆ ನೂಕುವುದು ಹೇಗೆ? ಅಷ್ಟರಲ್ಲಿ ನನಗೆ ಹೊನ್ನಾಳಿಯಿಂದ ನ್ಯಾಮತಿಯ ಆಸ್ಪತ್ರೆಗೆ ವರ್ಗವಾಗಿತ್ತು, ವೀರೇಶನ ಮನೆ ಎರಡು ಬೀದಿ ಆಚೆ. ಮೊದಲು ರುದ್ರಮ್ಮನ ಹತ್ತಿರ ಹೋದೆ. ಅವರು ಸಂಡಿಗೆ ಇಡುತ್ತ ಕೂತಿದ್ದರು.

"ರುದ್ರಮ್ಮಾರೆ, ಹುಡುಗಂಗೆ ಚಟ ಐತೆ, ರಕ್ತ ಕೆಟ್ಟೈತೆ. ಮದುವಿ ಈಗ ಬ್ಯಾಡ್ರಿ."

"ಗೊತ್ತು ಸಿಸ್ಟರ್. ಅದ್ಕೇ ಮಾಡ್ತಿರೋದು. ಹೆಣ್ಣು ಬಂದ್ರೆ ಚಟ ಬಿಡ್ತಾನೆ. ಅವರಪ್ಪನೂ ಕುಡೀತಿದ್ರು, ನಾನು ಬಂದು ಸರಿ ಮಾಡ್ಲಿಲ್ಲೇನು?"

"ಇದು ಕುಡಿತ ಅಲ್ರೀ. ಸಾಯೋ ಕಾಯಿಲೆ."

ಅವರ ಕೈ ನಿಂತಿತು. "ಸಾಯ್ತಾನೆ ಅಂದ್ರೆ ವಂಶ ನೋಡ್ಕಬ್ಯಾಡ್ವೇನ್ರಿ ನಾನು? ಅವನೂ ಬ್ಯಾಡ ಬ್ಯಾಡ ಅಂತಾನೆ. ನೀ ತಾಳಿ ಕಟ್ಲಿಲ್ಲ ಅಂದ್ರೆ ಬಾವಿ ಬೀಳ್ತೀನಿ ಅಂದೀನಿ. ನೀವು ಇದರಾಗೆ ಬಾಯಿ ಹಾಕ್ಬ್ಯಾಡ್ರಿ."

ಆ ತಾಯಿಯ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಆರಿಲ್ಲ. ಡಾಕ್ಟರ ಮಾತು ಮೀರಿ ಬಸ್ಸು ಹತ್ತಿ ಗೋವಿನಕೋವಿಗೇ ಹೋದೆ. ಹುಡುಗಿಯ ಅಪ್ಪ ಶಿವಾನಂದಪ್ಪ ಸಭ್ಯ ಮನುಷ್ಯ, ಜಗುಲಿಯ ಮೇಲೆ ಚಾಪೆ ಹಾಕಿಸಿ ಕೂರಿಸಿದರು. ಸರೋಜಳೇ ಮಂಡಕ್ಕಿ, ಕಾಫಿ ತಂದಳು. ಎತ್ತರದ ಹುಡುಗಿ, ಮಾತಿಗೊಮ್ಮೆ ನಗುವವಳು. ಅವಳು ಒಳಗೆ ಹೋಗುವವರೆಗೂ ಕಾದೆ.

"ನಿಮ್ಮ ಬೀಗರ ಹುಡುಗ ದಿನಾ ಸೂಜಿ ಚುಚ್ಕಂತಾನ್ರಿ," ಎಂದೆ.

ಅವರು ಗಾಬರಿಯಾಗಲಿಲ್ಲ. "ಅಂದ್ರೆ ಆರೋಗ್ಯ ಚೆನ್ನಾಗಿ ನೋಡ್ಕಂತಾನೆ ಅನ್ರಿ. ಕುಡಿಯೋರ್ನ ಕಂಡೀನಿ, ಇಸ್ಪೀಟು ಆಡೋರ್ನ ಕಂಡೀನಿ. ಸೂಜಿ ಹಾಕ್ಕಂಡು ಕೆಟ್ಟೋರ್ನ ಕಾಣಲಿಲ್ಲಪ್ಪ."

"ಅವನ ರಕ್ತದಾಗೆ ಕೆಟ್ಟ ರೋಗ ಐತ್ರಿ. ಹೆಂಡ್ತೀಗೂ ಬರ್ತೈತೆ."

"ಕಂಪೌಂಡ್ರಿಗೆ ರೋಗ ಏನ್ರಿ? ನಮ್ಮವ್ವಂಗೆ ಸಕ್ಕರೆ ಕಾಯಿಲೆ. ದಿನಾ ಸೂಜಿ ಹಾಕ್ಸಾಕೆ ಪ್ಯಾಟಿಗೆ ಹೋಗ್ಬೇಕು. ಮನ್ಯಾಗೆ ಒಬ್ಬ ಡಾಕ್ಟ್ರು ಬಂದಂಗಾಗ್ತೈತೆ ಅಂತ್ಲೇ ಈ ಸಂಬಂಧ ಒಪ್ಪಿದ್ದು." ಆಮೇಲೆ ದನಿ ತಗ್ಗಿಸಿ, "ನಿಜ ಹೇಳ್ರಿ, ಯಾರು ಕಳಿಸಿದ್ರು ನಿಮ್ಮನ್ನ? ಆ ಹುಡುಗನ್ನ ಕೇಳಿ ಇಲ್ಲ ಅನ್ಸ್ಕಂಡೋರು ಯಾರೋ ಇರ್ಬೇಕು," ಎಂದರು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ನಮ್ಮ ಜನಕ್ಕೆ ಮದುವೆ ತಪ್ಪಿಸಲು ಹೇಳಿದ ಒಂದು ನಿಜ ಹೇಗೆ ನಿಜವೆನಿಸೀತು? ಕಾಯಿಲೆಯ ಹೆಸರು ಹೇಳಿದೆ. ಆ ಹೆಸರನ್ನು ಅವರು ಕೇಳಿಯೇ ಇರಲಿಲ್ಲ. ಕೈಮುಗಿದು ಬಸ್ ಸ್ಟಾಪಿನವರೆಗೂ ಬಂದು ಕಳಿಸಿಕೊಟ್ಟರು, ಅಷ್ಟೇ.

ಮದುವೆಯ ಹಿಂದಿನ ವಾರ ವೀರೇಶ ನಮ್ಮ ಕ್ವಾರ್ಟರ್ಸಿಗೆ ಬಂದ. ನಾನು ಬಾಗಿಲಲ್ಲೇ ಕೈ ಎತ್ತಿಬಿಟ್ಟೆ. ಅವನು ತಪ್ಪಿಸಿಕೊಳ್ಳಲಿಲ್ಲ.

"ಹೊಡೀರಿ ಅಕ್ಕಾರೆ. ಅವ್ವ ಎರಡು ದಿನ ಬಾವಿಕಟ್ಟೆ ಮ್ಯಾಲೆ ಕುಂತಿದ್ಲು. ತಾಳಿ ಕಟ್ತೀನಿ. ಆದ್ರೆ ಆ ಹುಡುಗೀನ ಮುಟ್ಟಂಗಿಲ್ಲ. ನಿಮ್ಮ ಕಾಲಾಣೆ."

"ನಂಬ್ಲೇನೋ ಚಟದೋನ ಮಾತು?"

"ಇದೊಂದು ನಂಬ್ರಿ."

ನಾನು ನಂಬಲಿಲ್ಲ. ಮದುವೆಗೂ ಹೋಗಲಿಲ್ಲ.

ಆದರೆ ಅವನು ಮಾತು ಉಳಿಸಿಕೊಂಡ. ಇದನ್ನು ನಾನು ತಿಳಿದದ್ದು ಸರೋಜಳ ಬಾಯಿಂದಲೇ, ಮದುವೆಯಾಗಿ ವರ್ಷ ದಾಟಿದ ಮೇಲೆ. ಅಷ್ಟರಲ್ಲಿ ವೀರೇಶ ಬತ್ತತೊಡಗಿದ್ದ. ಡಾಕ್ಟರು ಹೇಳಿದ್ದ ಬೇಲಿ ಕಿತ್ತುಹೋಗುವುದನ್ನು ನಾನು ದಿನದಿನವೂ ನೋಡುತ್ತಿದ್ದೆ. ಮೊದಲು ಕುತ್ತಿಗೆಯ ಗಂಟುಗಳು ಊದಿದವು. ಆಮೇಲೆ ಸಂಜೆ ಜ್ವರ, ಕೆಮ್ಮು. ಕಫ ನೋಡಿ ಕ್ಷಯವೆಂದರು. ಕ್ಷಯದ ಔಷಧಿಗೆ ಸ್ವಲ್ಪ ಚೇತರಿಸಿಕೊಂಡ. ಆದರೂ ಚಟ ಬಿಡಲಿಲ್ಲ. ಬೈದರೆ, "ಇನ್ನೇನು ಉಳಿದೈತೆ ಸಿಸ್ಟರ್?" ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಸರೋಜ ಒಬ್ಬಳೇ ಹೊರರೋಗಿಗಳ ಸಾಲಿನಲ್ಲಿ ನಿಂತಿದ್ದಳು. ಎತ್ತರದ ಹುಡುಗಿ ಬಾಗಿದಂತೆ ಕಂಡಳು. ಒಳಗೆ ಕರೆದು ನೋಡಿದರೆ ಸೊಂಟದ ಕೆಳಗೆ ಕೆಂಪಗೆ ಊದಿದ ಗಡ್ಡೆ, ಮುಟ್ಟಿದರೆ ಬೆಂಕಿ. ಸೂಜಿ ಹಾಕಿದ ಜಾಗ.

"ಯಾರು ಹಾಕಿದ್ರಮ್ಮ ಸೂಜಿ?"

"ನಮ್ಮನ್ಯೋರೇ."

"ಯಾಕೆ?"

ಅವಳು ಗೋಡೆ ನೋಡುತ್ತ ಹೇಳಿದಳು. "ಅತ್ತೀಗೆ ಮಕ್ಕಳಾಗ್ಲಿಲ್ಲ ಅಂತ ಸಿಟ್ಟು. ಹೆಣ್ಣಿಗೆ ಶಕ್ತಿ ಇಲ್ಲ, ಅದ್ಕೇ ನಿಲ್ಲವಲ್ದು, ಶಕ್ತಿ ಇಂಜೆಕ್ಷನ್ ಹಾಕು ಅಂತ ದಿನಾ ಅವರ ತಲೆ ತಿನ್ನೋರು. ಮಕ್ಕಳು ಎಲ್ಲಿಂದ ಆಗ್ತಾವ್ರಿ? ಅವರು ಒಂದಿನಾನೂ ನನ್ನ ಮುಟ್ಟಿಲ್ಲ. ಮೊದಲ ದಿನಾನೇ ಹೇಳಿದ್ರು, ನಂಗೆ ಕೆಟ್ಟ ಕಾಯಿಲೆ ಐತೆ, ನಿಂಗೆ ಬರಬಾರ್ದು, ದೂರ ಮಲ್ಕೋ ಅಂತ. ಅತ್ತೀಗೆ ಇದನ್ನ ಹೇಳಾಕೆ ಆಗ್ತೈತೇನ್ರಿ? ಅತ್ತೆ ಬಾಯಿ ಮುಚ್ಚಿಸಾಕೆ ಅಂತ ವಾರಕ್ಕೊಂದು ಕೆಂಪು ಇಂಜೆಕ್ಷನ್ ಹಾಕ್ತಾರೆ. ಅವರೆದುರಿಗೇ ಹಾಕ್ತಾರೆ."

"ಯಾವ ಸಿರಿಂಜಮ್ಮಾ?"

"ಮನ್ಯಾಗೆ ಒಂದೇ ಐತಲ್ರೀ, ಅವರ್ದು." ನನ್ನ ಮುಖ ನೋಡಿ ಸಮಾಧಾನ ಮಾಡಲು ಬಂದಳು. "ಹೆದರ್ಬ್ಯಾಡ್ರಿ ಸಿಸ್ಟರ್. ಸೂಜಿ ಮಾತ್ರ ನಂದೇ ಬ್ಯಾರೆ. ಅವರ ಸೂಜಿ ನಂಗೆ ತಾಗಾಕೆ ಬಿಡಲ್ಲ. ಬಿಸಿನೀರಾಗೆ ಸಿರಿಂಜ್ ಆಡಿಸಿ, ಹೊಸ ಸೂಜಿ ಹಾಕ್ಕಂಡು, ಆಮ್ಯಾಗೇ. ಬಾಳ ಶುದ್ಧ ಅವರು."

ಡಾಕ್ಟರು ಹೇಳಿದ್ದನ್ನೆಲ್ಲ ಅವನು ಅಕ್ಷರಶಃ ಪಾಲಿಸಿದ್ದ. ಸಂಗ ಮಾಡಬೇಡ ಎಂದರು, ಹರೆಯದ ಹೆಂಡತಿಯನ್ನು ಪಕ್ಕದಲ್ಲಿಟ್ಟುಕೊಂಡು ದೂರ ಮಲಗಿದ. ಸೂಜಿ ಹಾಕಬೇಡ ಎಂದರು, ಅವಳಿಗೆಂದೇ ಬೇರೆ ಸೂಜಿ ಇಟ್ಟ. ಚನ್ನಗಿರಿಯ ಆ ಮಿಲಿಟರಿ ಸಾಹೇಬರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ನಮ್ಮ ವಾರ್ಡುಗಳಲ್ಲಿ ಆಗಲೂ ನಡೆಯುತ್ತಿದ್ದದ್ದು ಅದೇ. ನಾವು ಕಲಿಸಿದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಅವನು ತಪ್ಪಿರಲಿಲ್ಲ.

ಗಡ್ಡೆ ಒಡೆದು ಕಟ್ಟು ಕಟ್ಟಿದೆ. ಹೊನ್ನಾಳಿಯ ಚಿಕ್ಕ ಡಾಕ್ಟರಿಗೆ ಹೇಳಿ ಸರೋಜಳ ರಕ್ತ ಕಳಿಸಿದೆವು. ಇಷ್ಟು ದಿನ ಯಾವ ದೇವರನ್ನೂ ಗಟ್ಟಿಯಾಗಿ ಕೇಳದವಳು ನಾನು, ಊರಿನ ದೇವರುಗಳಿಗೆಲ್ಲ ಹರಕೆ ಹೊತ್ತೆ. ಗೋವಿನಕೋವಿಯ ಜಗುಲಿಯ ಮೇಲೆ ಇನ್ನಷ್ಟು ಕೂಗಾಡಬೇಕಿತ್ತೇ, ತಾಳಿಯ ಹೊತ್ತಿಗೆ ಛತ್ರಕ್ಕೆ ನುಗ್ಗಬೇಕಿತ್ತೇ ಎಂದು ಮನಸ್ಸು ಕುದಿಯುತ್ತಿತ್ತು. ಉತ್ತರ ಬಂದ ದಿನ ಹೊನ್ನಾಳಿಗೆ ಹೋದರೆ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನಗೆ ತಿಳಿಯಿತು.

ಸರೋಜಳಿಗೆ ನಾನೇ ಹೇಳಿದೆ. ಆಸ್ಪತ್ರೆಯ ಹಿಂದಿನ ಬಟ್ಟೆ ಒಣಹಾಕುವ ಕಲ್ಲಿನ ಮೇಲೆ ಇಬ್ಬರೂ ಕೂತಿದ್ದೆವು. ಅಳುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಮೊದಲು ಕೇಳಿದ್ದು, "ಸೂಜಿಯಿಂದ್ಲೇನ್ರಿ?"

"ಸಿರಿಂಜಿಂದಮ್ಮಾ."

"ಅವರಿಗೆ ಹೇಳಿದ್ರೇನು?"

"ಇನ್ನೂ ಇಲ್ಲ."

ನನ್ನ ಎರಡೂ ಕೈ ಹಿಡಿದುಕೊಂಡಳು. "ಹೇಳ್ಬ್ಯಾಡ್ರಿ. ನಿಮ್ಮ ದಮ್ಮಯ್ಯ. ನನ್ನ ಉಳಿಸೀನಿ ಅಂತ ತಿಳ್ಕಂಡಾರೆ. ಆ ಒಂದು ಮಾತಿನ ಮ್ಯಾಲೇ ಜೀವ ಹಿಡ್ಕಂಡಾರೆ. ಅದೂ ಸುಳ್ಳು ಅಂದ್ರೆ ಹೆಂಗ್ರಿ ಸಾಯ್ತಾರೆ?"

ಇನ್ನು ಮನೆಯಲ್ಲಿ ಯಾರೂ ಸೂಜಿ ಮುಟ್ಟಬಾರದು, ಗಡ್ಡೆ ಆಗಿದ್ದಕ್ಕೆ ಡಾಕ್ಟರು ಬೈದರು ಎಂದಷ್ಟೇ ಹೇಳಿ ಅವಳಿಗೆ ಹಾಕುವ ಇಂಜೆಕ್ಷನ್ ನಿಲ್ಲಿಸಿದೆವು. ವೀರೇಶ ಹಾಸಿಗೆ ಹಿಡಿದ. ಕೊನೆಗೆ ಅವನಿಗೆ ಚುಚ್ಚಿಕೊಳ್ಳಲು ನರವೂ ಸಿಗದಾಯಿತು, ಶಕ್ತಿಯೂ ಇರಲಿಲ್ಲ. ಬಾಯಿಯಿಂದ ಗಂಟಲವರೆಗೂ ಹುಣ್ಣು. ನ್ಯಾಮತಿಯ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ಮಲಗಿಸಿದ್ದೆವು. ರುದ್ರಮ್ಮ ಹೊರಗೆ ಜಗುಲಿಯ ಮೇಲೆ ಕೂತಿರುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಗಂಜಿ ಕುಡಿಸುವುದು, ಮೈ ಒರೆಸುವುದು, ಬಟ್ಟೆ ಒಗೆಯುವುದು ಎಲ್ಲ ಸರೋಜ. ವಾರ್ಡಿನ ಆಯಾ ಕೂಡ ಮುಟ್ಟಲು ಹೆದರುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಹಾಸಿಗೆ ಬದಲಿಸಲು ಹೋದಾಗ ಅವನು ಕಣ್ಣು ಬಿಟ್ಟ. ಸರೋಜ ತಲೆದಿಂಬಿನ ಪಕ್ಕದಲ್ಲಿ ಚಮಚ ಹಿಡಿದು ಕೂತಿದ್ದಳು.

"ಸಿಸ್ಟರ್, ಇವಳ ರಕ್ತ ಕಳ್ಸಿದ್ರಂತಲ್ಲ. ಏನು ಬಂತು?"

ಸರೋಜ ನನ್ನ ಮುಖ ನೋಡಿದಳು.

"ಏನೂ ಇಲ್ಲಪ್ಪ. ಚೆನ್ನಾಗೈತೆ," ಎಂದೆ.

ಅವನ ಮುಖದಲ್ಲಿ ಆ ಹೊತ್ತು ಕಂಡ ನೆಮ್ಮದಿ, ಹಿಂದೆ ನಾನು ಪೆಥಿಡಿನ್ ಹಾಕುವಾಗಲೂ ಕಂಡಿರಲಿಲ್ಲ. ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡು ಹೇಳಿದ, "ಹಂಗಾರೆ ನನ್ನದೊಂದು ಮಾತು ನಡೆಸ್ಕೊಡ್ರಿ. ನಾನು ಹೋದ ಮ್ಯಾಲೆ ಗೋವಿನಕೋವಿಗೆ ನೀವೇ ಹೋಗ್ರಿ. ಇವಳಿಗೆ ಇನ್ನೊಂದು ಮದುವಿ ಮಾಡ್ರಿ ಅಂತ ನಮ್ಮ ಮಾವಗೆ ಹೇಳ್ರಿ. ನಾನು ಮುಟ್ಟಿಲ್ಲ ಅನ್ನೋದನ್ನೂ ಹೇಳ್ರಿ, ನಾಚ್ಕಬ್ಯಾಡ್ರಿ. ನಿಮ್ಮ ಮಾತಾದ್ರೆ ಕೇಳ್ತಾರೆ."

"ಹೇಳ್ತೀನಪ್ಪ."

"ಗಂಡು ಎಂಥೋನಾದ್ರು ಆಗ್ಲಿ," ಎಂದು ಅವನು ಹೆಂಡತಿಯ ಕಡೆ ತಿರುಗಿದ. ಒಣಗಿದ ತುಟಿಯಲ್ಲಿ ಹಳೆಯ ಕುಚೋದ್ಯ ಇಣುಕಿತು. "ಸೂಜಿ ಹಾಕಾಕೆ ಮಾತ್ರ ಬರಬಾರ್ದು."

ಸರೋಜ ನಕ್ಕಳು. ಗೋವಿನಕೋವಿಯಲ್ಲಿ ಕಾಫಿ ಕೊಡುವಾಗ ನಕ್ಕಿದ್ದಳಲ್ಲ, ಅಷ್ಟೇ ಗಟ್ಟಿಯಾಗಿ ನಕ್ಕಳು. "ಆಗ್ಲಿ ಬಿಡ್ರಿ. ನಿಮಗಿಂತ ಚೆಂದ ಇರೋನ್ನೇ ನೋಡ್ಕಂತೀನಿ. ಈಗ ಬಾಯಿ ತೆಗೀರಿ," ಎಂದು ಗಂಜಿಯ ಚಮಚ ಮುಂದೆ ಹಿಡಿದಳು. ಅವನೂ ನಗಲು ಹೋಗಿ ಕೆಮ್ಮಿದ. ನಾನು ಹೊಲಸು ಬಟ್ಟೆಯ ಬಕೆಟ್ ಎತ್ತಿಕೊಂಡು ಹೊರಗೆ ಬಂದೆ. ಜಗುಲಿಯ ಮೇಲಿದ್ದ ರುದ್ರಮ್ಮ ಆಸೆಯಿಂದ ತಲೆಯೆತ್ತಿ, "ಒಳಗೆ ನಗ್ತಾ ಅದಾರೆ, ಹುಷಾರಾದನೇನ್ರಿ ಸಿಸ್ಟರ್?" ಎಂದು ಕೇಳಿದರು.